ಸನ್‌ಗಿಂತ ಮೊದಲು ಒಬ್ಬ ಚಾ ಇದ್ದ

ಪುಟ್ಟ, ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಅತ್ತಿಗೆ, ನಿಮಗೆ ಬೇಜಾರಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ನಿನ್ನೆ ನೀನು ಸನ್ ಹ್ಯುಂಗ್ ಮಿನ್ ಕಪ್ ಎತ್ತಿದ ಫೋಟೊ ಹಾಕಿ, "ಯುರೋಪಿನಲ್ಲಿ ಹೆಸರು ಮಾಡಿದ ಮೊದಲ ಕೊರಿಯನ್ ಸ್ಟ್ರೈಕರ್" ಅಂತ ಬರೆದಿದ್ದೆಯಲ್ಲ. ಫೋಟೊ ಚೆನ್ನಾಗಿದೆ. ಸ್ಟ್ರೈಕರ್ ಅನ್ನುವುದು ಅರ್ಧ ಸರಿ, ಅವನು ಎಡಗಡೆ ವಿಂಗ್‌ನಲ್ಲೇ ಜಾಸ್ತಿ ಆಡಿದವನು. ಹೋಗಲಿ ಬಿಡು. ಆದರೆ "ಮೊದಲ" ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಜಾಗ ಚಾ ಬುಮ್ ಕುನ್‌ದು.

ನನಗೆ ಈ ಹೆಸರು ಗೊತ್ತಾಗಿದ್ದೇ ಆಫೀಸಿನ ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ಗೆ ಹೋಗಿದ್ದಾಗ. ಅಲ್ಲಿ ವಿಲ್ಲಿ ಬ್ರಾಂಟ್ ಪ್ಲಾಟ್ಸ್ ಅಂತ ನೆಲದಡಿಯ ರೈಲು ಸ್ಟೇಷನ್ ಇದೆ. ಅದರ ಕಂಬಗಳ ಮೇಲೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಹಳೇ ಆಟಗಾರರ ದೊಡ್ಡ ದೊಡ್ಡ ಚಿತ್ರಗಳು. ಅವುಗಳಲ್ಲಿ ಒಂದು ಕೊರಿಯನ್ ಮುಖ. ಇವನ್ಯಾರಪ್ಪ ಅಂತ ಜೊತೆಯಲ್ಲಿದ್ದ ಜರ್ಮನ್ ಸಹೋದ್ಯೋಗಿಯನ್ನು ಕೇಳಿದೆ. ಅವನು "ಚಾ ಬೂಮ್!" ಅಂತ ಕೂಗಿಯೇ ಬಿಟ್ಟ. ಪಟಾಕಿ ಸಿಡಿದ ಹಾಗೆ ಒದೆಯುತ್ತಿದ್ದ ಅಂತ ಆ ಹೆಸರಂತೆ. ಅಂದಹಾಗೆ, ಕೊರಿಯನ್ ಭಾಷೆಯಲ್ಲೂ ಚಾ ಅಂದರೆ ನಾವು ಕುಡಿಯುವ ಚಾನೇ. ಇವನ ಮನೆತನದ ಚಾ ಬೇರೆ, ಅದರ ಅರ್ಥ ಗಾಡಿ.

ಅವನು ಜರ್ಮನಿಗೆ ಹೋಗಿದ್ದು 1978ರ ಡಿಸೆಂಬರ್‌ನಲ್ಲಿ, ಡಾರ್ಮ್‌ಸ್ಟಾಟ್ ಅನ್ನುವ ಕ್ಲಬ್ಬಿಗೆ. ಆಗ 25 ವರ್ಷ. ಕೊರಿಯಾ ತಂಡದಲ್ಲಿ ಆಗಲೇ ದೊಡ್ಡ ಹೆಸರು. 1976ರಲ್ಲಿ ಮಲೇಷ್ಯಾ ವಿರುದ್ಧ ತಂಡ 1-4ರಲ್ಲಿ ಹಿಂದಿದ್ದಾಗ ಕೊನೆಯ ಕೆಲವೇ ನಿಮಿಷಗಳಲ್ಲಿ ಮೂರು ಗೋಲು ಹೊಡೆದು 4-4 ಮಾಡಿದವನು. ಡಾರ್ಮ್‌ಸ್ಟಾಟ್‌ಗೆ ಆಡಿದ್ದು ಎಷ್ಟು ಪಂದ್ಯ ಗೊತ್ತಾ? ಒಂದೇ ಒಂದು. ಅಷ್ಟರಲ್ಲಿ ಊರಿಂದ ಕರೆ ಬಂತು. ವಾಯುಪಡೆಯಲ್ಲಿ ನಿನ್ನ ಸೇವೆ ಇನ್ನೂ ಮುಗಿದಿಲ್ಲ, ವಾಪಸ್ ಬಾ ಅಂತ. ಕೊರಿಯಾದಲ್ಲಿ ಗಂಡುಮಕ್ಕಳಿಗೆ ಮಿಲಿಟರಿ ಕಡ್ಡಾಯ, ನಿನಗೆ ಗೊತ್ತಿರಬೇಕು. ಮರುಮಾತಾಡದೆ ಹೋಗಿ 1979ರ ಮೇ ತನಕ ಯೂನಿಫಾರ್ಮ್ ಹಾಕಿಕೊಂಡಿದ್ದ. ಆಮೇಲೆ ಫ್ರಾಂಕ್‌ಫರ್ಟ್ ಕ್ಲಬ್ಬು ಕರೆದುಕೊಂಡಿತು.

ಸನ್‌ಗೂ ಇದೇ ಕತ್ತಿ ತಲೆ ಮೇಲೆ ತೂಗುತ್ತಿತ್ತು. ವಿದೇಶದಲ್ಲಿ ಆಡುವ ಕೊರಿಯನ್ನರನ್ನು ನೋಡುವಾಗ ಈ ವಿಷಯ ಬಿಟ್ಟರೆ ಏನೂ ಅರ್ಥ ಆಗುವುದಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಕಾಲು ಚುರುಕಾಗಿರುತ್ತದೆ, ಆಗಲೇ ದೇಶ ಮಿಲಿಟರಿಗೆ ಕರೆಯುತ್ತದೆ. ಸನ್ ಬಚಾವಾಗಿದ್ದು 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದಕ್ಕೆ. ಆ ಫೈನಲ್ ಜಪಾನ್ ವಿರುದ್ಧ. ಸೋತಿದ್ದರೆ ಬ್ಯಾಗ್ ಕಟ್ಟಿಕೊಂಡು ಊರಿಗೆ ಹೋಗಬೇಕಿತ್ತು. ಗೆದ್ದಿದ್ದಕ್ಕೆ 2020ರಲ್ಲಿ ಬರೀ ಮೂರು ವಾರದ ತರಬೇತಿಯಲ್ಲಿ ಮುಗಿಯಿತು. ಚಾನ ಕಾಲದಲ್ಲಿ ಅವನಿಗೆ ಅಂಥ ದಾರಿ ಸಿಗಲಿಲ್ಲ.

ಇರಲಿ, ಫ್ರಾಂಕ್‌ಫರ್ಟ್‌ಗೆ ಬರೋಣ. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 12 ಗೋಲು. ಅದೇ ಸೀಸನ್‌ನಲ್ಲಿ, 1980ರಲ್ಲಿ, ಕ್ಲಬ್ಬು ಯುಇಎಫ್‌ಎ ಕಪ್ ಗೆದ್ದಿತು, ಅಂದರೆ ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಆಡುವ ಟೂರ್ನಿ. ಆ ವರ್ಷ ಆ ಕಪ್ಪಿನ ಸೆಮಿಫೈನಲ್‌ಗೆ ಬಂದ ನಾಲ್ಕೂ ತಂಡಗಳು ಪಶ್ಚಿಮ ಜರ್ಮನಿಯವೇ! ಅಂಥ ಲೀಗ್‌ನಲ್ಲಿ ಹೋಗಿ ನಿಂತಿದ್ದು ಇವನು. ಏಷ್ಯಾದವನು ಇಲ್ಲಿ ಏನು ಮಾಡುತ್ತಾನೆ ಅನ್ನುತ್ತಿದ್ದ ಕಾಲ ಅದು.

ಅದೇ ವರ್ಷ ಅವನಿಗೆ ಗಂಡುಮಗು ಹುಟ್ಟಿತು, ಫ್ರಾಂಕ್‌ಫರ್ಟ್‌ನಲ್ಲೇ. ಹೆಸರು ದುರಿ. ಅಂದರೆ ಎರಡು. ದೊಡ್ಡ ಮಗಳು ಹಾನಾ, ಅಂದರೆ ಒಂದು. ಮೂರನೆಯವನ ಹೆಸರಿನ ಅರ್ಥ ಮೂರನೆಯವನು ಅಂತಲೇ. ನಮ್ಮ ಮನೆಯಲ್ಲಿ ಒಂದೊಂದು ಹೆಸರಿಡುವುದಕ್ಕೆ ಆರು ತಿಂಗಳು ಜಗಳ ಆಡುತ್ತೇವಲ್ಲ! ಆ ದುರಿ ಆಮೇಲೆ 2002ರ ವಿಶ್ವಕಪ್ ಆಡಿದ.

ಮಗು ಹುಟ್ಟಿ ಒಂದು ತಿಂಗಳಿಗೆ ಲೆವರ್‌ಕೂಸೆನ್ ಅನ್ನುವ ಇನ್ನೊಂದು ಜರ್ಮನ್ ಕ್ಲಬ್ಬಿನ ವಿರುದ್ಧದ ಪಂದ್ಯದಲ್ಲಿ ಅವರ ಗೆಲ್ಸ್‌ಡಾರ್ಫ್ ಅನ್ನುವ ಡಿಫೆಂಡರ್ ಹಿಂದಿನಿಂದ ಬಂದು ಕೆಡವಿದ. ಚಾನ ಬೆನ್ನುಮೂಳೆಗೇ ಏಟು. ಫ್ರಾಂಕ್‌ಫರ್ಟ್‌ನ ಫ್ಯಾನ್‌ಗಳು ಗೆಲ್ಸ್‌ಡಾರ್ಫ್ ಮೇಲೆ ಕೆಂಡಾಮಂಡಲ. ಚಾ ಮಾತ್ರ ಕೋರ್ಟು ಗೀರ್ಟು ಅಂತ ಹೋಗಲಿಲ್ಲ. ಸುಮ್ನೆ ವಾಸಿ ಮಾಡಿಕೊಂಡು ಬಂದು, ಅದೇ ಸೀಸನ್‌ನ ಜರ್ಮನ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ. ತಮಾಷೆ ನೋಡು, 1983ರಲ್ಲಿ ಅವನು ಸೇರಿದ್ದು ಅದೇ ಲೆವರ್‌ಕೂಸೆನ್‌ಗೆ. ಗೆಲ್ಸ್‌ಡಾರ್ಫ್ ಇನ್ನೂ ಅಲ್ಲೇ ಇದ್ದ. ಇಬ್ಬರೂ ಒಂದೇ ಬಣ್ಣದ ಜರ್ಸಿ ಹಾಕಿಕೊಂಡು ಆಡಿದರು.

ಲೆವರ್‌ಕೂಸೆನ್‌ನದು 1988ರ ಕಥೆ. ಮತ್ತೆ ಯುಇಎಫ್‌ಎ ಕಪ್ ಫೈನಲ್, ಎದುರಿಗೆ ಸ್ಪೇನ್‌ನ ಎಸ್ಪಾನ್ಯೋಲ್. ಆಗ ಫೈನಲ್ ಎರಡು ಪಂದ್ಯ. ಮೊದಲನೆಯದರಲ್ಲಿ 0-3 ಸೋಲು. ಮನೆಯಂಗಳದಲ್ಲಿ ಎರಡನೆಯದು. ಅರ್ಧ ಆಟ ಮುಗಿದರೂ ಗೋಲಿಲ್ಲ. ಆಮೇಲೆ ಒಂದು, ಎರಡು. 81ನೇ ನಿಮಿಷದಲ್ಲಿ ಚಾ ತಲೆಯಿಂದ ಮೂರನೆಯದನ್ನು ಹಾಕಿದ. ಲೆಕ್ಕ ಸಮ. ಪೆನಾಲ್ಟಿಯಲ್ಲಿ ಕಪ್ ಇವರದ್ದು. ಅವನಿಗೆ 35 ತುಂಬುವುದಕ್ಕೆ ನಾಲ್ಕು ದಿನ ಬಾಕಿ ಇತ್ತು, ಪುಟ್ಟ. ನಿನ್ನ ಅಪ್ಪ ಆ ವಯಸ್ಸಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ಅಣ್ಣ, ಬೇಜಾರು ಮಾಡಿಕೋಬೇಡ!

ಬುಂಡೆಸ್‌ಲಿಗಾ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗ್‌ನಲ್ಲಿ, ಚಾ ಒಟ್ಟು 308 ಪಂದ್ಯ, 98 ಗೋಲು. ಒಂದೂ ಪೆನಾಲ್ಟಿ ಅಲ್ಲ. ಸನ್ 2021-22ರಲ್ಲಿ ಇಂಗ್ಲೆಂಡಿನ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟನ್ನು ಲಿವರ್‌ಪೂಲ್‌ನ ಸಲಾ ಜೊತೆ ಹಂಚಿಕೊಂಡನಲ್ಲ, ಆ 23 ಗೋಲಿನಲ್ಲೂ ಪೆನಾಲ್ಟಿ ಇಲ್ಲ. ನನಗೆ ಇಬ್ಬರಲ್ಲೂ ಇಷ್ಟ ಆಗುವುದು ಇದೇ.

ಈಗ ನಿನ್ನ ಸನ್‌ಗೆ ಬರುತ್ತೇನೆ. ಯುರೋಪಿನಲ್ಲಿ ಚಾ ಹೊಡೆದಿದ್ದು ಒಟ್ಟು 121 ಗೋಲು. ಅದನ್ನು ಸನ್ ದಾಟಿದ್ದು 2019ರ ನವೆಂಬರ್ 6ರಂದು, ಬೆಲ್‌ಗ್ರೇಡ್‌ನಲ್ಲಿ. ಅದಕ್ಕೆ ಮೂರೇ ದಿನ ಮುಂಚೆ ಇಂಗ್ಲೆಂಡಿನ ಎವರ್ಟನ್ ಕ್ಲಬ್ ವಿರುದ್ಧದ ಪಂದ್ಯದಲ್ಲಿ ಅವನ ಟ್ಯಾಕಲ್‌ನಿಂದ ಶುರುವಾಗಿ ಅವರ ಆಟಗಾರ ಆಂದ್ರೆ ಗೋಮ್ಸ್ ಕಾಲು ಮುರಿದಿತ್ತು. ಸನ್ ತಲೆ ಹಿಡಿದುಕೊಂಡು ಅತ್ತಿದ್ದನ್ನು ನೀನೂ ನೋಡಿರುತ್ತೀಯ. ಬೆಲ್‌ಗ್ರೇಡ್‌ನಲ್ಲಿ ದಾಖಲೆಯ ಗೋಲು ಹೊಡೆದಾಗ ಕುಣಿಯಲಿಲ್ಲ. ಕ್ಯಾಮೆರಾ ಕಡೆ ತಿರುಗಿ ಕೈ ಮುಗಿದ, ಗೋಮ್ಸ್‌ಗೆ. ನನಗೆ ತಕ್ಷಣ ಗೆಲ್ಸ್‌ಡಾರ್ಫ್ ನೆನಪಾದ. ಅಲ್ಲಿ ಚಾ ಕೆಳಗೆ ಬಿದ್ದವನು, ಇಲ್ಲಿ ಸನ್ ಕೆಡವಿದವನು.

ಮತ್ತೆ ನೀನು ಹಾಕಿದ ಫೋಟೊ, 2025ರ ಮೇ, ಸ್ಪೇನ್‌ನ ಬಿಲ್ಬಾವೊ, ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಆಡುತ್ತಾ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-0 ಗೆದ್ದಾಗಿನದು. ಅವನ ಕೈಯಲ್ಲಿರುವ ಕಪ್ ಸರಿಯಾಗಿ ನೋಡು. ಈಗ ಅದನ್ನು ಯುರೋಪಾ ಲೀಗ್ ಅನ್ನುತ್ತಾರೆ. ಹಿಂದೆ ಅದರ ಹೆಸರೇ ಯುಇಎಫ್‌ಎ ಕಪ್. ಚಾ ಎರಡು ಸಲ ಎತ್ತಿದ್ದು ಅದನ್ನೇ. ಸನ್ ಕೂಡ ಟಾಟನ್‌ಹ್ಯಾಮ್‌ಗೆ ಬರುವ ಮುಂಚೆ ಎರಡು ವರ್ಷ ಆಡಿದ್ದು ಲೆವರ್‌ಕೂಸೆನ್‌ನಲ್ಲಿ.

ಕೊನೆಗೊಂದು, ಇದು ನಿನಗೆ ಖಂಡಿತ ಗೊತ್ತಿರಲ್ಲ. ಸನ್ ಕೊರಿಯಾ ಪರ ಹೊಡೆದ ಮೊಟ್ಟಮೊದಲ ಗೋಲು ನಮ್ಮ ವಿರುದ್ಧವೇ. 2011ರ ಜನವರಿ, ದೋಹಾ, ಏಷ್ಯನ್ ಕಪ್. ಅವನಿಗೆ 18 ವರ್ಷ. ನಾವು 1-4 ಸೋತೆವು. ನಮ್ಮ ಒಂದು ಗೋಲು ಛೇಟ್ರಿಯದು, ಪೆನಾಲ್ಟಿ. ಆ ಪಂದ್ಯದ ವಿಡಿಯೊ ಎಲ್ಲಾದರೂ ಸಿಕ್ಕರೆ ಗ್ರೂಪಿಗೆ ಹಾಕು ಮಾರಾಯ, ಪೂರ್ತಿ ನೋಡಬೇಕು ಅಂತ ಎಷ್ಟೋ ದಿನದಿಂದ ಇದೆ. ಸರಿ, ಇಡುತ್ತೇನೆ, ಕುಕ್ಕರ್ ಮೂರು ಸಲ ಕೂಗಿ ಆಯಿತು.