ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿ 3,000 ಕಿಮೀ ಆತು. ಬ್ರೇಕ್ ಹಿಡಿದ್ರ ಸ್ಟೀರಿಂಗ್ ನಡಗತೈತಿ

ಕೆಎ-22 ಸ್ವಿಫ್ಟ್ (ಟಿಳಕವಾಡಿ, ಬೆಳಗಾವಿ):

ಗಾಡಿ 2014ರ ಸ್ವಿಫ್ಟ್ ಡೀಸೆಲ್. ಮುಂದ ಡಿಸ್ಕ್, ಹಿಂದ ಡ್ರಮ್. ಮುಂದಿನ ಎರಡೂ ಡಿಸ್ಕ್, ನಾಲ್ಕೂ ಪ್ಯಾಡ್ ಬದಲಿ ಮಾಡ್ಸಿ 3,000 ಕಿಮೀ ಆತು. ಮೊದಲ 2,000 ಬೆಣ್ಣಿ ಹಂಗ ಇತ್ತು. ಈಗ 80–90ರಾಗ ಬ್ರೇಕ್ ಮ್ಯಾಲ ಕಾಲಿಟ್ರ ಸ್ಟೀರಿಂಗ್ ನಡಗತೈತಿ, ಪೆಡಲ್ ಕಾಲಿಗೆ ಸಣ್ಣಗ ಬಡೀತೈತಿ. 40ರ ಕೆಳಗ ಏನೂ ಇಲ್ಲ. ಬ್ರೇಕ್ ಹಿಡೀಲಿಲ್ಲಂದ್ರ 100ಕ್ಕೂ ಗಾಡಿ ಸೀದಾ. ಚೋರ್ಲಾ ಘಾಟ್ ಇಳಿದ ಮ್ಯಾಲ ಜಾಸ್ತಿ ಆಗತೈತಿ. ಗ್ಯಾರೇಜಿನವ್ರು ಡಿಸ್ಕ್ ಬೆಂಡ್ ಆಗ್ಯಾವ, ಮತ್ತ ಹೊಸಾವು ಹಾಕ್ರಿ ಅಂತಾರ. ಇಷ್ಟ್ ಲಗೂನ ಬೆಂಡ್ ಆಗ್ತಾವೇನ್ರಿ? ಲೇತ್ ಮ್ಯಾಲ ಟರ್ನಿಂಗ್ (ಮುಖ ಕಡದು ಸಮ ಮಾಡೂದು) ಮಾಡಿಸಿದ್ರ ನಡೀತೈತೇನು?

ಡಯಲ್ ಗೇಜ್ (ಉದ್ಯಮಬಾಗ, ಬೆಳಗಾವಿ):

ಇನ್ನೊಂದು ಜೋಡಿಗೆ ರೊಕ್ಕ ಹಾಕಬ್ಯಾಡ್ರಿ. ಹಬ್ (ಡಿಸ್ಕೂ ಚಕ್ರಾನೂ ಕೂಡೂ ನಡುವಿನ ಭಾಗ) ನೋಡದ ಹಾಕಿದ್ರ ಅವೂ ಹಿಂಗ ಆಗ್ತಾವ. ನಿಮ್ಮ ಡಿಸ್ಕ್ ಬೆಂಡ್ ಆಗಿರೂದು ಅನುಮಾನ, ವಾರಿ ಕುಂತಿರಬೇಕು. ಮೊದಲ 2,000 ಕಿಮೀ ಛಲೋ ಇತ್ತು ಅಂದ್ರಲ್ಲ, ಗುಟ್ಟು ಅಲ್ಲೇ ಐತಿ.

ಹಳೇ ಡಿಸ್ಕ್ ಬಿಚ್ಚಿದಾಗ ಹಬ್ಬಿನ ಮುಖಕ್ಕ ಜಂಗು ಹಕ್ಕಳಿಕಟ್ಟಿರತೈತಿ. ಬೆಳಗಾವಿ ಮಳಿಯೊಳಗ ಹತ್ತು ವರ್ಷ ಓಡಿದ ಗಾಡಿಗೆ ಇದು ಇಲ್ಲದ ಇರೂದಿಲ್ಲ. ಅದನ್ನ ಕೆರೀದ ಹೊಸ ಡಿಸ್ಕ್ ಏರಿಸಿದ್ರು, ಒಂದು ಕಡೆ 0.05 ಮಿಮೀ ಎತ್ತರ ಉಳೀತು ಅನ್ಕೋರಿ. ಹಬ್ಬಿನ ಮುಖ ಸುಮಾರು 130 ಮಿಮೀ ಅಗಲ, ಡಿಸ್ಕಿನ ಅಂಚಿಗೆ ಹೋದ್ರ 230. ಹಿಂಗಾಗಿ ಅಲ್ಲಿದ್ದ 0.05 ಇಲ್ಲಿ 0.09 ಆಗತೈತಿ. ಹೊಸದಾಗಿದ್ದಾಗ ಇದು ಕಾಲಿಗೆ ತಿಳಿಯೂದ ಇಲ್ಲ, ಯಾಕಂದ್ರ ಕ್ಯಾಲಿಪರ್ (ಪ್ಯಾಡ್ ಹಿಡಕೊಂಡು ಡಿಸ್ಕಿಗೆ ಒತ್ತೂ ಭಾಗ) ತೇಲ್ತಿರತೈತಿ, ಡಿಸ್ಕಿನ ಜೋಡಿ ಸರಿದಾಡತೈತಿ. ಆದ್ರ ಬ್ರೇಕ್ ಹಿಡೀದಿದ್ದಾಗೂ ಆ ಉಬ್ಬು ಸುತ್ತಿಗೊಮ್ಮೆ ಪ್ಯಾಡಿಗೆ ಸವರಕೋತ ಹೋಗತೈತಿ. 3,000 ಕಿಮೀ ಅಂದ್ರ ಚಕ್ರ ಸುಮಾರು 15 ಲಕ್ಷ ಸುತ್ತು ತಿರುಗತೈತ್ರಿ. ಸವರಿ ಸವರಿ ಆ ಜಾಗ ತೆಳ್ಳಗ ಆಗತೈತಿ. ದಪ್ಪ-ತೆಳು ಫರಕ್ 0.02 ಮಿಮೀ ಹತ್ರ ಬಂತಂದ್ರ ಪ್ಯಾಡು ಪಿಸ್ಟನ್ನಿಗೆ ಹಿಂದ-ಮುಂದ ದೂಡಾಕ ಹತ್ತತೈತಿ; 80ರಾಗ ಸೆಕೆಂಡಿಗೆ 11 ಸಲ. ನಿಮ್ಮ ಕೈಗೆ ಬರೂ ನಡಕ ಅದ.

ಡಿಸ್ಕ್ ಬಿಚ್ಚಿ ಒಳಮುಖ ಬೆಳಕಿಗೆ ಹಿಡೀರಿ. ಹಬ್ ಕೂತ ಜಾಗ ಉಂಗುರದಂಗ ಕಾಣತೈತಿ. ಸುತ್ತಲೂ ಒಂದ ಸಮ ಹೊಳಪಿದ್ರ ಸರಿ ಕುಂತೈತಿ. ಒಂದು ಕಡೆ ಬೆಳ್ಳಿ ಹಂಗ ಹೊಳಪು, ಎದುರಿಗೆ ಕೆಂಪು ಮಸಿ ಇದ್ರ ಮತ್ತೇನೂ ಹುಡುಕೂದು ಬ್ಯಾಡ.

ಕೆಎ-28 (ವಿಜಯಪುರ):

ಬಿಚ್ಚೂಕಿಂತ ಮೊದಲ ಒಂದು ಪರೀಕ್ಷಾ ಮಾಡ್ರಿ, ಖರ್ಚಿಲ್ಲ. ಖಾಲಿ, ಸೀದಾ ರಸ್ತಾದಾಗ 50ರಾಗ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಕೊಂಡ ಸಾವಕಾಶ ಎಳೀರಿ. ಆಗ ಸೀಟು ನಡಗಿದ್ರ ತಪ್ಪು ಹಿಂದಿನ ಡ್ರಮ್ಮಿಂದು. ನಡಗಲಿಲ್ಲಂದ್ರ ಮುಂದಿಂದು. ಗುಂಡಿ ಬಿಡಬ್ಯಾಡ್ರಿ, ಹಿಂದಿನ ಚಕ್ರ ಲಾಕ್ ಆದ್ರ ಗಾಡಿ ತಿರುಗತದ.

ಇನ್ನೊಂದು, ನಮ್ಮ ಕಡೆ ಜಂಗು ಕಡಿಮಿ ಅದ, ಎರಿ ಮಣ್ಣು ಜಾಸ್ತಿ. ಅದು ಕ್ಯಾಲಿಪರ್ ಸರಿದಾಡೂ ಪಿನ್ನಿನ ರಬ್ಬರ್ ಬೂಟ್ ಹರದಲ್ಲಿ ಹೊಕ್ಕು ಪಿನ್ ಹಿಡೀತದ. ಪಿನ್ ಹಿಡಿದ್ರ ಕ್ಯಾಲಿಪರ್ ತೇಲೂದಿಲ್ಲ. ಪಿಸ್ಟನ್ ಬದಿಯ ಪ್ಯಾಡ್ ಒಂದ ಸವೀತದ, ಡಿಸ್ಕ್ ಕಾಯ್ತದ. ಒಳಗಿನ ಪ್ಯಾಡಿಗೂ ಹೊರಗಿನ ಪ್ಯಾಡಿಗೂ 2 ಮಿಮೀಕಿಂತ ಜಾಸ್ತಿ ಫರಕ್ ಇದ್ರ ಪಿನ್ ನೋಡ್ರಿ.

ಕೆಎ-29 (ನವನಗರ, ಬಾಗಲಕೋಟೆ):

ಪಿನ್ನಿಗೆ ಬೇರಿಂಗ್ ಗ್ರೀಸ್ ಹಚ್ಚಬ್ಯಾಡ್ರಿ. ಪೆಟ್ರೋಲಿಯಂ ಗ್ರೀಸಿಗೆ ಬ್ರೇಕಿನ ರಬ್ಬರ್ ಉಬ್ಬತೈತಿ, ಆರು ತಿಂಗಳದಾಗ ಪಿನ್ ಮತ್ತ ಜಾಮ್. ಬ್ರೇಕಿಗಂತ ಮಾಡಿದ ಸಿಲಿಕಾನ್ ಗ್ರೀಸ್ ಸಣ್ಣ ಪ್ಯಾಕೆಟ್‌ನ್ಯಾಗ ಸಿಗತೈತಿ. ತೆಳ್ಳಗ ಸವರ್ರಿ, ತೂತು ತುಂಬ ತುಂಬಿದ್ರ ಗಾಳಿ ಸಿಗಿಬಿದ್ದು ಪಿನ್ ಹೊರಗ ದೂಡಿಕೊಂಡ ಬರತೈತಿ.

ಕೆಎ-22 ಸ್ವಿಫ್ಟ್:

ಹ್ಯಾಂಡ್ ಬ್ರೇಕಿಗೆ ನಡುಕಿಲ್ಲ, ಅಂದ್ರ ಮುಂದಿಂದ. ಪಿನ್ ಎರಡೂ ಕೈಯಿಂದ ಸರೀತಾವ. ಆದ್ರ ಡಿಸ್ಕ್ ಹಬ್ಬಿಗೆ ಅಂಟಿಕೊಂಡೈತಿ, ಬರವಲ್ದು. ಸುತ್ತಿಗಿ ಹಾಕ್ಲೇನು? ಅಳತಿ ಹೆಂಗ ತಗೋಬೇಕು?

ಡಯಲ್ ಗೇಜ್:

ಪ್ಯಾಡ್ ಉಜ್ಜೂ ಮುಖಕ್ಕ ಸುತ್ತಿಗಿ ಬ್ಯಾಡ. ಡಿಸ್ಕಿನ ನಡುವಿನ ಟೋಪಿಯೊಳಗ, ಸ್ಟಡ್ಡುಗಳ (ಚಕ್ರದ ನಟ್ ಕೂಡೂ ಬೋಲ್ಟ್) ನಡುವ ಥ್ರೆಡ್ ಹಾಕಿದ ಎರಡು ತೂತು ಅದಾವ ನೋಡ್ರಿ. ಎಂ8 ಬೋಲ್ಟ್ ಎರಡು ತಂದು ಒಂದೊಂದ ಅರ್ಧ ಸುತ್ತು ಬಿಗೀಕೋತ ಹೋಗ್ರಿ, ಡಿಸ್ಕ್ ತಾನ ಎದ್ದು ಬರತೈತಿ.

ಕ್ಯಾಲಿಪರ್ ಬಿಚ್ಚಿದ ಮ್ಯಾಲ ಬ್ರೇಕ್ ಪೈಪಿಗೆ ಜೋತು ಬಿಡಬ್ಯಾಡ್ರಿ, ತಂತಿಲೆ ಸ್ಪ್ರಿಂಗಿಗೆ ಕಟ್ರಿ. ಗಾಡಿ ಜ್ಯಾಕಿನ ಮ್ಯಾಲ ಅಲ್ಲ, ಸ್ಟ್ಯಾಂಡ್ ಮ್ಯಾಲ ಇರಲಿ. ಹಿಂದಿನ ಗಾಲಿಗೆ ಎರಡೂ ಬದಿ ಕಲ್ಲು.

ಹಬ್ಬಿನ ಮುಖ ತಂತಿ ಬ್ರಶ್ ಹಾಕಿ ತಿಕ್ಕಿದ್ರ ಹೊಳೀತೈತಿ, ಆದ್ರ ಸ್ಟಡ್ಡಿನ ಬುಡದಾಗಿನ ಜಂಗು ಹಂಗ ಉಳೀತೈತಿ, ಮೋಸ ಮಾಡೂದು ಅದ. ಸ್ಟಡ್ಡಿನ ಮ್ಯಾಲ ಹಾಯೂವಂಥ ಪೈಪಿನ ತುಂಡು ತಗೊಂಡು, ಅದರ ಬಾಯಿಗೆ 80 ನಂಬರ್ ಎಮರಿ ಪೇಪರ್ ಅಂಟಿಸಿ ಕೈಲೆ ತಿರುವ್ರಿ. ನಡುವಿನ ದಿಂಡಿನ ಸುತ್ತಿನ ಸಂದೂ ಕೆರೀರಿ. ಡಿಸ್ಕಿನ ಒಳಮುಖಕ್ಕೂ ಇದ ಉಪಚಾರ. ಬೆರಳ ಉಗುರು ಎಳದ್ರ ಎಲ್ಲೂ ತಡೀಬಾರದು.

ಅಳತಿಗೆ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ (ಸಣ್ಣ ಏರಿಳಿತ ಸೂಜಿಲೆ ತೋರ್ಸೂ ಗೇಜು) ಬೇಕು. ಉದ್ಯಮಬಾಗದಾಗ ಅದು ಇಲ್ಲದ ವರ್ಕ್‌ಶಾಪ್ ಹುಡುಕೂದು ಕಷ್ಟ, ಗ್ಯಾರೇಜಿನ್ಯಾಗ ಇದ್ದದ್ದು ಹುಡುಕೂದು ಇನ್ನೂ ಕಷ್ಟ. ಮೊದಲ ಬೇರಿಂಗಿನ ಆಟ ನೋಡ್ರಿ. ಹಬ್ ಅಲಗಾಡ್ತಿದ್ರ ಉಳಿದ ಅಳತಿ ಎಲ್ಲಾ ಸುಳ್ಳು. ಡಿಸ್ಕ್ ಏರಿಸಿ ದಪ್ಪ ವಾಷರ್ ಹಾಕಿ ನಾಲ್ಕೂ ನಟ್ ಎದುರಾಬದುರಾ ಸಮ ಬಿಗೀರಿ. ಅಂಚಿನಿಂದ 10 ಮಿಮೀ ಒಳಗ ಸೂಜಿ ಇಟ್ಟು ಒಂದು ಸುತ್ತು ತಿರುವ್ರಿ, ಸೂಜಿ ಎಷ್ಟು ಓಲಾಡತೈತೋ ಅದ ಡಿಸ್ಕಿನ ವಾರಿ. ಕಂಪನಿ ಮ್ಯಾನುಯಲ್ಲಿನ ಮಿತಿ ಬಹಳಷ್ಟು ಗಾಡಿಗೆ 0.10 ಮಿಮೀ ಹತ್ರ ಇರತೈತಿ. ನನ್ನ ಕೇಳಿದ್ರ 0.05 ಒಳಗ ತರ್ರಿ. ಬರಲಿಲ್ಲಂದ್ರ ಡಿಸ್ಕ್ ಒಂದು ಸ್ಟಡ್ ಮುಂದ ಸರಿಸಿ ಮತ್ತ ಅಳೀರಿ. ನಾಲ್ಕು ಸ್ಥಾನದಾಗ ಒಂದು ಕಡಿಮಿ ಬಂದ ಬರತೈತಿ. ಆ ಸ್ಥಾನಕ್ಕ ಗುರುತು ಹಾಕ್ರಿ.

ಆಮ್ಯಾಲ ಮೈಕ್ರೋಮೀಟರಿಲೆ ಸುತ್ತಲೂ 8 ಕಡೆ ದಪ್ಪ ನೋಡಿ ಬರೀರಿ.

ಕೆಎ-22 ಸ್ವಿಫ್ಟ್:

ಬಲಗಡೆ 0.04. ಎಡಗಡೆ ಮೊದಲ 0.13 ಇತ್ತು. ಉಂಗುರ ನೀವು ಹೇಳಿದಂಗ ಅರ್ಧಾ ಹೊಳಪು, ಅರ್ಧಾ ಕೆಂಪು. ಕೆರದ ಮ್ಯಾಲ 0.06, ಎರಡು ಸ್ಟಡ್ ಸರಿಸಿದ ಮ್ಯಾಲ 0.03. ದಪ್ಪದ ಫರಕ್ ಎಡಕ್ಕ 0.025, ಬಲಕ್ಕ 0.008. ಈಗ ಹಿಂಗ ಹಾಕ್ಲೇನು?

ಡಯಲ್ ಗೇಜ್:

ಹಬ್ ಸರಿ ಆತು, ಆದ್ರ 0.025 ಹಂಗ ಬಿಟ್ರ ನಡಕ ಹೋಗೂದಿಲ್ಲ. ಈಗ ಟರ್ನಿಂಗಿಗೆ ಅರ್ಥ ಐತಿ; ಮೊದಲ ಮಾಡಿಸಿದ್ರ ರೊಕ್ಕ ನೀರಿಗೆ ಹಾಕಿದಂಗ ಆಗ್ತಿತ್ತು. ಎರಡೂ ಡಿಸ್ಕ್ ಜೋಡಿಲೆ ಮಾಡ್ಸ್ರಿ. ಕನಿಷ್ಠ ದಪ್ಪ ಡಿಸ್ಕಿನ ಮ್ಯಾಲ ಕೊರದಿರತೈತಿ, ಕಡದ ಮ್ಯಾಲ ಅದಕ್ಕಿಂತ ಕೆಳಗ ಇಳೀಬಾರದು. 3,000 ಕಿಮೀ ಡಿಸ್ಕಿಗೆ ಬದಿಗೆ 0.1 ಮಿಮೀ ತಗದ್ರ ಸಾಕು.

ಲೇತಿನವ್ರಿಗೆ ಒಂದ ಮಾತು ಹೇಳ್ರಿ: ಹೊರಗಿನ ಅಂಚು ಚಕ್‌ನ್ಯಾಗ ಹಿಡೀಬ್ಯಾಡ್ರಿ. ಹಬ್ಬಿಗೆ ಕೂಡೂ ಮುಖಾನ ಆಧಾರ, ನಡುವಿನ ತೂತಿಲೆ ಸೆಂಟರ್. ಬ್ಯಾರೆ ಮುಖ ಹಿಡಿದು ಕಡದ್ರ ಲೇತ್ ಮ್ಯಾಲ ಸೊನ್ನಿ, ಗಾಡಿ ಮ್ಯಾಲ ಮತ್ತ 0.1. ಎರಡೂ ಬದಿ ಒಂದ ಸಲ ಹಿಡಿದಾಗ ಕಡೀಲಿ. ಕಡದ ಮ್ಯಾಲ 120 ನಂಬರ್ ಪೇಪರ್ ತಿಕ್ಕಿ, ಸಾಬೂನು ನೀರಾಗ ತೊಳದು, ಕೂಡಲೆ ಒರಸ್ರಿ. ಕಬ್ಬಿಣದ ಪುಡಿ ಬರೇ ಬಟ್ಟಿಲೆ ಹೋಗೂದಿಲ್ಲ. ಆಮ್ಯಾಲ ಬ್ರೇಕ್ ಕ್ಲೀನರ್. ಡೀಸೆಲ್, ಸೀಮಿ ಎಣ್ಣಿ ಹಾಕಿ ಒರಸಿದ್ರ ಜಿಡ್ಡು ಪ್ಯಾಡ್ ಕುಡೀತೈತಿ. ಪ್ಯಾಡಿನ ಮುಖಾನೂ ಗಾಜಿನ ಮ್ಯಾಲ ಎಮರಿ ಹಾಸಿ ಸಮ ಮಾಡ್ರಿ, ಆ ಧೂಳಿಗೆ ಬಾಯಿಲೆ ಊದಬ್ಯಾಡ್ರಿ.

ಚಕ್ರದ ನಟ್ಟಿಗೆ ಗನ್ (ನಟ್ ಬಿಗಿಯೂ ಮಶೀನು) ಬ್ಯಾಡ, ಟಾರ್ಕ್ ರೆಂಚ್ (ಬಿಗಿತ ಅಳೀಕೋತ ಬಿಗಿಯೂ ಪಾನಾ). ಸಣ್ಣ ಕಾರಿಗೆ ಬಹುತೇಕ 85–110 ನ್ಯೂಟನ್ ಮೀಟರ್. ನಿಮ್ಮ ಮ್ಯಾನುಯಲ್ಲಿನ ಅಂಕಿ ನೋಡಿ ಎರಡು ಹಂತದಾಗ, ಎದುರಾಬದುರಾ ಬಿಗೀರಿ. ಇಷ್ಟೆಲ್ಲಾ ಮಾಡಿ ಕಡೀಕ ಗನ್ ಹಚ್ಚಿ ಒಂದು ನಟ್ 180ಕ್ಕ ಏರಿಸಿದ್ರ ಡಿಸ್ಕ್ ಮತ್ತ ವಾರಿ.

ಕೆಎ-29:

ಪಿಸ್ಟನ್ ಹಿಂದ ದೂಡೂಕಿಂತ ಮೊದಲ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತಗದು ನೋಡ್ರಿ. ಮ್ಯಾಕ್ಸ್ ಗೆರಿ ತನಕ ಇದ್ರ ಸಿರಿಂಜಿಲೆ ಸ್ವಲ್ಪ ತಗೀರಿ. ಉಕ್ಕಿ ಪೇಂಟ್ ಮ್ಯಾಲ ಬಿದ್ರ ಪೇಂಟ್ ಕಿತ್ತು ಬರತೈತಿ. ಜೋಡಿಸಿದ ಮ್ಯಾಲ ಗಾಡಿ ಹೊಂಡಿಸೂಕಿಂತ ಮೊದಲ ಪೆಡಲ್ ಗಟ್ಟಿ ಆಗೂ ತನಕ ಒತ್ರಿ, ಇಲ್ಲಂದ್ರ ಮೊದಲ ಒತ್ತು ಸೀದಾ ನೆಲಕ್ಕ ಹೋಗತೈತಿ.

ಪ್ಯಾಡ್ ಕೂಡಸಾಕ 60ರಿಂದ 20ಕ್ಕ, ಪೂರಾ ನಿಲ್ಲಸದ, 8–10 ಸಲ ಮಧ್ಯಮ ಒತ್ತಿಲೆ ಇಳಸ್ರಿ. ಎರಡರ ನಡುವ ಅರ್ಧ ಕಿಮೀ ಗಾಳಿ ಬಡೀಲಿ. ಆಮ್ಯಾಲ 10 ನಿಮಿಷ ಬ್ರೇಕ್ ಮುಟ್ಟದ ಓಡಸ್ರಿ. ಬಿಸಿ ಇದ್ದಾಗ ಪೆಡಲ್ ಒತ್ತಿ ನಿಂತ್ರ ಪ್ಯಾಡಿನ ಅಚ್ಚು ಡಿಸ್ಕಿನ ಮ್ಯಾಲ ಮೂಡತೈತಿ. ಕಬ್ಬಿನ ಸೀಸನ್ನಿನ್ಯಾಗ ಮುಧೋಳ–ಜಮಖಂಡಿ ರಸ್ತಾದಾಗ ಟ್ರ್ಯಾಕ್ಟರ್ ಹಿಂದ ಹಿಡಕೋತ-ಬಿಡಕೋತ ಹೋಗೂದು ಈ ಲೆಕ್ಕಕ್ಕ ಬರೂದಿಲ್ಲ, ಖಾಲಿ ರಸ್ತಾ ಬೇಕು.

ಕೆಎ-22 ಸ್ವಿಫ್ಟ್:

ಎಲ್ಲಾ ಆತು. 90ರಿಂದ ಹಿಡಿದ್ರೂ ಸ್ಟೀರಿಂಗ್ ಕಲ್ಲಿನಂಗ ಐತಿ. ಆದ್ರ ಪಾರ್ಕಿಂಗಿನ್ಯಾಗ ಸಣ್ಣಗ ಚೀಂ ಅಂತೈತಿ.

ಡಯಲ್ ಗೇಜ್:

ಬ್ರೇಕ್ ಹಿಡಿದಾಗಷ್ಟ ಬಂದ್ರ ಟರ್ನಿಂಗ್ ಗೆರಿ, 200–300 ಕಿಮೀದಾಗ ಹೋಗತೈತಿ. ಬ್ರೇಕ್ ಬಿಟ್ಟಾಗೂ ಬಂದ್ರ ಪ್ಯಾಡಿನ ಸವಕಳಿ ತೋರ್ಸೂ ತಗಡಿನ ನಾಲಿಗಿ ಡಿಸ್ಕಿಗೆ ತಾಗತೈತಿ, ಜೋಡಿಸುವಾಗ ಮಣದಿರಬೇಕು. ಚಕ್ರ ಬಿಚ್ಚಿ ಅದನ್ನ ಮೊದಲಿನಂಗ ಸರಿಮಾಡ್ರಿ, ಮುರದು ಒಗೀಬ್ಯಾಡ್ರಿ. ಹೆಂಗೂ ಬಿಚ್ಚತೀರಿ, ಒಂದು 100 ಕಿಮೀ ಓಡಿದ ಮ್ಯಾಲ ಬಿಚ್ರಿ; ನಟ್ ಟಾರ್ಕೂ ಆಗ ನೋಡಿದಂಗ ಆಗತೈತಿ.