ಶಾಲಾ ಪ್ರಯೋಗಾಲಯದ ಸೆನ್ಸರ್‌ಗೆ ಯಾವ ಪದ?

ಪ್ರಶ್ನೆ:
ಮಾನ್ಯರೇ, ನಮ್ಮ ಪ್ರೌಢಶಾಲೆಯ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಬಂದಿರುವ ಎಲೆಕ್ಟ್ರಾನಿಕ್ ಸೆನ್ಸರ್‌ಗಳ ಡಬ್ಬಿಗಳಿಗೆ ಕನ್ನಡದ ಚೀಟಿ ಅಂಟಿಸಬೇಕಾಗಿದ್ದು, ಅವು ನಾಳೆಯೇ ಅಚ್ಚಿಗೆ ಹೋಗಬೇಕು. ಲೋಲಕದ ಆಂದೋಲನಾವಧಿ ಅಳೆಯುವ ಫೋಟೋಗೇಟ್, ಪ್ರತಿಧ್ವನಿಯಿಂದ ದೂರ ತಿಳಿಸುವ ಸೆನ್ಸರ್ ಮತ್ತು ಉಷ್ಣತೆಗೆ ತಕ್ಕ ವೋಲ್ಟೇಜ್ ಕೊಡುವ ಎಲ್‌ಎಂ35, ಈ ಮೂರಕ್ಕೂ ಒಪ್ಪುವ ಪದ ಬೇಕು. ‘ಸಂವೇದಕ’ ಮಕ್ಕಳಿಗೆ ಭಾರವಾದೀತೇ? ‘ಅರಿವಣಿಗೆ’ ಎಂಬ ಸಲಹೆಯೂ ಬಂದಿದೆ.

ಉತ್ತರ:
‘ಅರಿವಣಿಗೆ’ ಬೇಡವೇ ಬೇಡ. ಬಾಚು, ಬೀಸು ಧಾತುಗಳಿಂದ ಬಾಚಣಿಗೆ, ಬೀಸಣಿಗೆ ಎಂಬ ಸಾಧನವಾಚಿಗಳು ಹುಟ್ಟಿರುವುದು ನಿಜವಾದರೂ, ಬರವಣಿಗೆ, ಬೆಳವಣಿಗೆಗಳಲ್ಲಿ ಅದೇ ಪ್ರತ್ಯಯ ಕ್ರಿಯೆಯನ್ನು ಹೇಳುವುದರಿಂದ, ಓದುಗರು ಅದನ್ನು ಉಪಕರಣವೆಂದು ತಿಳಿಯದೆ ಅರಿಯುವ ಕೆಲಸವೆಂದೇ ತಿಳಿಯುತ್ತಾರೆ. ಯಂತ್ರಕ್ಕೆ ಅರಿವಿಲ್ಲ ಎಂಬ ಆಕ್ಷೇಪ ‘ಸಂವೇದಕ’ಕ್ಕೂ ತಗಲುತ್ತದೆ, ಏಕೆಂದರೆ ‘ವಿದ್’ ಧಾತುವಿನ ಅರ್ಥವೂ ಅರಿಯುವುದೇ. ಎಲ್‌ಎಂ35 ಏನನ್ನೂ ಅರಿಯುವುದಿಲ್ಲ; ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್‌ನಂತೆ 27 ಡಿಗ್ರಿಯಲ್ಲಿ 270 ಮಿಲಿವೋಲ್ಟ್ ಕೊಡುತ್ತದೆ, ಅಷ್ಟೇ. ಹಾಗೆಂದು ‘ಪರಿವರ್ತಕ’ ಎನ್ನೋಣವೆಂದರೆ ಅದನ್ನು ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಆಗಲೇ ಕೊಟ್ಟುಬಿಟ್ಟಿದ್ದೇವೆ. ರೂಢಿಯಲ್ಲಿರುವ ‘ಸಂವೇದಕ’ವನ್ನೇ ಉಳಿಸಿಕೊಳ್ಳಿ.

ಆದರೆ ಅದರ ಹಿಂದೆ ಸೇರುವ ಪದದಲ್ಲಿ ಎಚ್ಚರವಿರಲಿ. ‘ದೂರ ಸಂವೇದಕ’ ಎಂದು ಅಚ್ಚು ಹಾಕಿಸಿದರೆ, ಉಪಗ್ರಹ ಚಿತ್ರಗಳ ‘ದೂರ ಸಂವೇದಿ’ ತಂತ್ರಜ್ಞಾನದೊಂದಿಗೆ ಅದು ಕಲಸಿಹೋಗುತ್ತದೆ. ಅದಕ್ಕಿಂತ ದೊಡ್ಡ ದೋಷ ಭೌತವಿಜ್ಞಾನದ್ದು. ಆ ಉಪಕರಣ ಸುಮಾರು 40 ಕಿಲೋಹರ್ಟ್ಸ್‌ನ ಶ್ರವಣಾತೀತ ಧ್ವನಿಯನ್ನು ಕಳುಹಿಸಿ, ಅದು ಮರಳಲು ಹಿಡಿದ ಕಾಲವನ್ನು ಮಾತ್ರ ತಿಳಿಸುತ್ತದೆ. ಆ ಕಾಲವನ್ನು ಧ್ವನಿಯ ವೇಗದಿಂದ ಗುಣಿಸಿ ಅರ್ಧ ಮಾಡಿದಾಗ ದೊರೆಯುವುದು ದೂರ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇರುವ ಆ ವೇಗ ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ ಎಂಬುದನ್ನು ‘ದೂರ’ ಎಂಬ ಹೆಸರು ಮರೆಸಿಬಿಡುತ್ತದೆ. ಆದ್ದರಿಂದ ‘ಪ್ರತಿಧ್ವನಿ ಸಂವೇದಕ’ ಎನ್ನಿ. ಎಲ್‌ಎಂ35ಕ್ಕೆ ‘ಉಷ್ಣತಾ ಸಂವೇದಕ’ ಸಾಕು. ಫೋಟೋಗೇಟ್‌ನಲ್ಲಿ ಲೋಲಕದ ಗುಂಡು ಅವಕೆಂಪು ಕಿರಣವನ್ನು ಕಡಿಯುತ್ತದೆ. ಅದಕ್ಕೆ ‘ಬೆಳಕಿನ ಗೇಟು’ ಸೊಗಸಾಗಿದೆ. ಗೇಟು ಎಂದೋ ಕನ್ನಡದ್ದಾಗಿದೆ.

ಮರುತ್ತರ:
ಗೇಟನ್ನು ಒಳಗೆ ಬಿಟ್ಟುಕೊಂಡು ಸೆನ್ಸರನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಪ್ರತಿಧ್ವನಿ ಸಂವೇದಕ ಕೊಡಿ’ ಎಂದು ಕೇಳಿದ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಉತ್ತರ:
ಅಂಗಡಿಯೇ ಪ್ರಮಾಣವಾದರೆ ನಿಘಂಟಿನ ಅಗತ್ಯವೇನು? ಮೇಲಾಗಿ ಚಲನಚಿತ್ರಗಳಿಗೆ ಕತ್ತರಿ ಹಾಕುವ ‘ಸೆನ್ಸಾರ್’ ಮಂಡಳಿಯನ್ನೇ ಅನೇಕರು ‘ಸೆನ್ಸರ್’ ಎಂದು ಬರೆಯುತ್ತಿರುವಾಗ, ಈ ಹೆಸರನ್ನು ಇನ್ನೊಂದು ವಸ್ತುವಿಗೆ ಹಚ್ಚುವುದು ಜಾಣತನವಲ್ಲ.

ಮರುತ್ತರ:
ಹ್ರಸ್ವ ದೀರ್ಘಗಳ ಭೇದವನ್ನು ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲೇ ಕಲಿತಿರುತ್ತಾರೆ. ಕೇಳಿದವರು ದಯವಿಟ್ಟು ಚೀಟಿಯಲ್ಲಿ ಎರಡನ್ನೂ ಅಚ್ಚು ಹಾಕಿಸಲಿ, ‘ಸೆನ್ಸರ್’ ಮೇಲಿನ ಸಾಲಿನಲ್ಲಿರಲಿ.