ಈಸೂರಿನವರನ್ನು 'ಡಾಂಟ್‌ಲೆಸ್' ಎನ್ನಬಹುದೇ?

ಶಿಕಾರಿಪುರದ ಶಿಕ್ಷಕಿ:
ನಮ್ಮ ಪ್ರೌಢಶಾಲೆಯ ಮಕ್ಕಳು ನಮ್ಮ ತಾಲ್ಲೂಕಿನ ಈಸೂರು ಗ್ರಾಮದ ಸ್ವಾತಂತ್ರ್ಯ ಹೋರಾಟವನ್ನು ಕುರಿತು ಇಂಗ್ಲಿಷಿನಲ್ಲಿ ಭಾಷಣ ಸಿದ್ಧಪಡಿಸುತ್ತಿದ್ದಾರೆ. 1942ರಲ್ಲಿ 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ನಿಂತವರನ್ನು ಒಬ್ಬ ವಿದ್ಯಾರ್ಥಿನಿ 'ಡಾಂಟ್‌ಲೆಸ್ ವಿಲೇಜರ್ಸ್' ಎಂದು ಬಣ್ಣಿಸಿದ್ದಾಳೆ. 'ಬ್ರೇವ್' ಎಂದರೆ ಸಾಲದೇ? ಇವೆರಡರ ವ್ಯತ್ಯಾಸವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಸಾಗರದ ನಿವೃತ್ತ ಉಪನ್ಯಾಸಕ:
'ಡಾಂಟ್' ಎಂಬ ಕ್ರಿಯಾಪದವು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿದೆ. ಪಳಗಿಸು ಎಂಬ ಅರ್ಥದ ಲ್ಯಾಟಿನ್ ಧಾತು ಅದರ ಮೂಲ, 'ಇಂಡಾಮಿಟಬಲ್' (ಅದಮ್ಯ) ಎಂಬುದೂ ಅಲ್ಲಿಂದಲೇ ಹುಟ್ಟಿದ್ದು. ಆದ್ದರಿಂದ ಎಷ್ಟೇ ಬೆದರಿಸಿದರೂ ಬಗ್ಗದ ಸ್ವಭಾವವನ್ನು 'ಡಾಂಟ್‌ಲೆಸ್' ಸೂಚಿಸುತ್ತದೆ. ಚುಚ್ಚುಮದ್ದಿಗೆ ಅಳದೆ ಕುಳಿತ ಮಗುವನ್ನೂ 'ಬ್ರೇವ್' ಎನ್ನಬಹುದು, ಆದರೆ 'ಡಾಂಟ್‌ಲೆಸ್' ಎಂದರೆ ಅದು ಅತಿಶಯೋಕ್ತಿಯಾಗುತ್ತದೆ. ಪದ ಸ್ವಲ್ಪ ಸಾಹಿತ್ಯಿಕವಾದದ್ದು, ದಿನದ ಮಾತಿಗಿಂತ ಭಾಷಣಕ್ಕೇ ಹೆಚ್ಚು ಒಪ್ಪುತ್ತದೆ. ಮೊಗಲ್ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತರೆ ಔರಂಗಜೇಬನ ಕೋಪಕ್ಕೆ ಗುರಿಯಾಗಬೇಕಾಗುತ್ತದೆಂದು ತಿಳಿದೂ ಆಶ್ರಯವಿತ್ತ ಕೆಳದಿಯ ಚೆನ್ನಮ್ಮನಿಗೆ ನಾನು ನಿಸ್ಸಂಕೋಚವಾಗಿ ಈ ವಿಶೇಷಣವನ್ನು ಬಳಸುತ್ತೇನೆ.

ತೀರ್ಥಹಳ್ಳಿಯ ಓದುಗ:
ಉಪನ್ಯಾಸಕರು ಹೇಳಿದ ಅರ್ಥವನ್ನು ಒಪ್ಪುತ್ತೇನೆ, ಆದರೆ ಇಡೀ ಊರಿಗೆ ಅದನ್ನು ಅಂಟಿಸುವುದಕ್ಕೆ ನನ್ನ ಆಕ್ಷೇಪವಿದೆ. ಸೈನಿಕರೂ ಪೊಲೀಸರೂ ಬಂದಾಗ ಈಸೂರಿನ ಅನೇಕರು ಕಾಡು ಸೇರಿದರು. ಹೆದರಿದವರೂ ಅವರಲ್ಲಿದ್ದಿರಲೇಬೇಕು, ಅದರಿಂದ ಅವರ ಹೋರಾಟ ಕಿರಿದಾಗುವುದಿಲ್ಲ. 1943ರಲ್ಲಿ ಗಲ್ಲಿಗೇರಿದ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ ಮತ್ತು ಶಂಕರಪ್ಪ ಅವರನ್ನು ಹೆಸರಿಸಿ, 'ಡಾಂಟ್‌ಲೆಸ್ ಕರೇಜ್' ಎಂದು ಅವರ ಧೈರ್ಯಕ್ಕೇ ವಿಶೇಷಣವನ್ನು ಜೋಡಿಸಿದರೆ ಮಾತಿಗೆ ತೂಕ ಬರುತ್ತದೆ. ಊರಿನವರ ಬಗ್ಗೆ ಬರೆಯುವಾಗ 'ಅನ್‌ಡಾಂಟೆಡ್' ಉತ್ತಮ. ಅದು ಹುಟ್ಟುಗುಣವನ್ನಲ್ಲ, ಎದುರಾದ ಒಂದು ಬೆದರಿಕೆಗೆ ಎದೆಗುಂದದಿರುವುದನ್ನು ಹೇಳುತ್ತದೆ. ಆ ಬೆದರಿಕೆ ಯಾವುದೆಂಬುದನ್ನು 'ಬೈ' ಸೇರಿಸಿ, 'ಅನ್‌ಡಾಂಟೆಡ್ ಬೈ ಅರೆಸ್ಟ್ಸ್' ಎಂಬಂತೆ ಸ್ಪಷ್ಟಪಡಿಸಬಹುದು.

ಸಾಗರದ ನಿವೃತ್ತ ಉಪನ್ಯಾಸಕ:
ಈ ತಿದ್ದುಪಡಿ ಸರಿಯಾಗಿದೆ. ಇನ್ನೊಂದು ಮಾತು: ಕಾಗುಣಿತವನ್ನು ನೋಡಿ ಮಕ್ಕಳು 'ಡೌಂಟ್‌ಲೆಸ್' ಎಂದು ಉಚ್ಚರಿಸುವುದುಂಟು. ವೇದಿಕೆಗೆ ಹೋಗುವ ಮೊದಲು 'ಡಾಂಟ್' ಎಂಬ ಉಚ್ಚಾರವನ್ನು ರೂಢಿ ಮಾಡಿಸಿ.